ಗರಾಜ್ ಸೇಲ್ ಗೊಂಬೆ: ಮುಖಕ್ಕೆ ಮರುಳಾಗಬೇಡಿ, ಮಗುಚಿ ನೋಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಕರ್ನಾಟಕದಿಂದ ಎಷ್ಟೋ ಅಪ್ಪ-ಅಮ್ಮಂದಿರು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬರುತ್ತಾರೆ. ಶನಿವಾರ ಬೆಳಗ್ಗೆ ವಾಕಿಂಗ್ ಹೊರಟರೆ ಬೀದಿಯ ತಿರುವಿನಲ್ಲಿ 'ಗರಾಜ್ ಸೇಲ್' ಎಂದು ಬರೆದ ರಟ್ಟು ನೇತಾಡುತ್ತಿರುತ್ತದೆ. ಕಾರು ನಿಲ್ಲಿಸುವ ಜಾಗ ಖಾಲಿ ಮಾಡಿ, ಮಡಚುವ ಮೇಜುಗಳ ಮೇಲೆ ಮನೆಯ ಹಳೇ ಸಾಮಾನನ್ನೆಲ್ಲ ಹರಡಿರುತ್ತಾರೆ. ಅದರ ನಡುವೆ ಮಿಕ್ಕಿ ಮೌಸ್, ಸ್ನೂಪಿ, ಗಾರ್ಫೀಲ್ಡ್, ಪಾಪಾಯ್ ಮುಂತಾದ ಕಾರ್ಟೂನ್ ಪಾತ್ರಗಳು ಇಣುಕುತ್ತವೆ. ಅದೇ ಹೊತ್ತಿಗೆ ವಾಟ್ಸ್ಆ್ಯಪ್‌ನಲ್ಲೂ ಸಂದೇಶಗಳು ಓಡಾಡುತ್ತಿರುತ್ತವೆ: ಈ ಗೊಂಬೆ ಸಿಕ್ಕರೆ ಇಷ್ಟು ಲಕ್ಷ, ಆ ಕ್ಯಾಸೆಟ್ಟಿಗೆ ಅಷ್ಟು ಲಕ್ಷ ಎಂದು. ಅದನ್ನು ನಂಬಿ ಸೂಟ್‌ಕೇಸ್ ತುಂಬಿಸಿಕೊಂಡು ಊರಿಗೆ ಹೋಗುವವರಿದ್ದಾರೆ. ನಿಜವಾಗಿ ಹಳೆಯದಾದ ವಸ್ತುವನ್ನು ಗುರುತಿಸದೆ ಅಲ್ಲೇ ಬಿಟ್ಟುಬರುವವರೂ ಇದ್ದಾರೆ. ಎರಡೂ ತಪ್ಪಬೇಕು ಎಂಬ ಕಾರಣಕ್ಕೆ ಈ ಪತ್ರ.

ಮೊದಲು ಆ ಲಕ್ಷದ ಮಾತು. ಡಿಸ್ನಿ ಕಂಪನಿ 1984ರಿಂದ 1994ರವರೆಗೆ ತಂದ 'ಕ್ಲಾಸಿಕ್ಸ್' ಸರಣಿಯ ವಿಎಚ್ಎಸ್ ವಿಡಿಯೊ ಕ್ಯಾಸೆಟ್‌ಗಳ ಡಬ್ಬಿಯ ಬೆನ್ನಿನ ಮೇಲೆ ಕಪ್ಪು ವಜ್ರದಾಕಾರದ ಚಿಹ್ನೆ ಇರುತ್ತದೆ. 'ಬ್ಲ್ಯಾಕ್ ಡೈಮಂಡ್' ಎಂದೇ ಅದಕ್ಕೆ ಹೆಸರು. ಇದಕ್ಕೆ ಸಾವಿರಾರು ಡಾಲರ್ ಬೆಲೆ ಎಂಬ ಗಾಳಿಮಾತು ವರ್ಷಗಳಿಂದ ನಿಂತಿಲ್ಲ. ಈ ಕ್ಯಾಸೆಟ್‌ಗಳು ಲಕ್ಷಗಟ್ಟಲೆ ಮಾರಾಟವಾಗಿದ್ದವು, ಇಂದಿಗೂ ಮನೆಮನೆಯ ಅಟ್ಟದಲ್ಲಿವೆ. ಸಾಮಾನ್ಯ ಸ್ಥಿತಿಯಲ್ಲಿರುವ ಒಂದಕ್ಕೆ ಕೆಲವೇ ಡಾಲರ್ ಸಿಗುತ್ತದೆ. ಗಾಳಿಮಾತು ಹುಟ್ಟಿದ್ದು ಯಾರು ಬೇಕಾದರೂ ವಸ್ತು ಮಾರಬಹುದಾದ ಇಬೇ ಜಾಲತಾಣದಲ್ಲಿ ಯಾರೋ 'ಕೇಳಿದ' ಬೆಲೆಯಿಂದ. ಬಾಯಿಗೆ ಬಂದಷ್ಟು ಯಾರು ಬೇಕಾದರೂ ಕೇಳಬಹುದು. ನೋಡಬೇಕಾದ್ದು 'ಮಾರಾಟವಾದ' ಬೆಲೆ. ಇಬೇಯಲ್ಲಿ ವಸ್ತುವಿನ ಹೆಸರು ಹುಡುಕಿ, ಸೋಸುವ ಆಯ್ಕೆಗಳಲ್ಲಿ 'ಸೋಲ್ಡ್ ಐಟಮ್ಸ್' ಒತ್ತಿ. ಈಚಿನ ಸುಮಾರು 90 ದಿನಗಳಲ್ಲಿ ನಿಜಕ್ಕೂ ಕೈಬದಲಾದ ವಸ್ತುಗಳು ಬೆಲೆಸಮೇತ ಬರುತ್ತವೆ. ಒಂದೇ ಮಾರಾಟ ನೋಡಿ ನಿಲ್ಲಿಸಬೇಡಿ. ಕನಿಷ್ಠ ಏಳೆಂಟು ನೋಡಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬದಿಗಿಟ್ಟು, ಮಧ್ಯದಲ್ಲಿ ಉಳಿಯುವುದನ್ನು ಬೆಲೆ ಎಂದುಕೊಳ್ಳಿ. ಪೆಟ್ಟಿಗೆ ಸಮೇತ ಮಾರಾಟವಾದದ್ದನ್ನು ಬರಿಗೊಂಬೆಗೆ ಹೋಲಿಸಬಾರದು. ಎರಡರ ನಡುವೆ ಹತ್ತು ಪಟ್ಟು ಅಂತರವಿದ್ದರೂ ಆಶ್ಚರ್ಯವಿಲ್ಲ.

ಇನ್ನು ವಯಸ್ಸಿನ ವಿಷಯ. ಹೊಸಬರು ಎಡವುವುದೆಲ್ಲ ಇಲ್ಲೇ. ಗೊಂಬೆಯ ಅಡಿಯಲ್ಲೋ ಲೋಟದ ಪಕ್ಕದಲ್ಲೋ ವೃತ್ತದೊಳಗೆ 'ಸಿ' ಅಕ್ಷರ, ಅದರ ಮುಂದೆ ಒಂದು ಇಸವಿ ಇರುತ್ತದೆ. ಅದು ಆ ವಸ್ತು ತಯಾರಾದ ವರ್ಷವಲ್ಲ, ಆ ಪಾತ್ರದ ಅಥವಾ ಆ ಚಿತ್ರದ ಹಕ್ಕುಸ್ವಾಮ್ಯ ದಾಖಲಾದ ವರ್ಷ. ಗರಾಜ್ ಸೇಲ್‌ಗಳಲ್ಲಿ ಧಾರಾಳವಾಗಿ ಸಿಗುವ ಗಾರ್ಫೀಲ್ಡ್ ಗಾಜಿನ ಮಗ್ ಒಂದನ್ನು ಕೈಗೆತ್ತಿಕೊಳ್ಳಿ. ಹಿಡಿಕೆಯೂ ಗಾಜಿನದೇ, ಕಿತ್ತಳೆ ಬಣ್ಣದ ಬೆಕ್ಕಿನ ಚಿತ್ರ, ಬುಡದ ಹತ್ತಿರ ಇರುವೆ ಸಾಲಿನಂಥ ಅಕ್ಷರದಲ್ಲಿ 1978. ಗಾರ್ಫೀಲ್ಡ್ ಪತ್ರಿಕೆಗಳಲ್ಲಿ ಮೊದಲು ಕಾಣಿಸಿಕೊಂಡದ್ದು 1978ರ ಜೂನ್ 19ರಂದು, ಇಸವಿ ಅಲ್ಲಿಂದ ಬಂದದ್ದು. ಮಗ್‌ಗಳನ್ನು ಮೆಕ್‌ಡೊನಾಲ್ಡ್ಸ್ ಅಂಗಡಿಗಳು ಹಂಚಿದ್ದು 1980ರ ದಶಕದ ಉತ್ತರಾರ್ಧದಲ್ಲಿ. ಮಾರುವವರು '1978ರ ಅಪರೂಪದ ಮಗ್' ಎಂದು ಚೀಟಿ ಅಂಟಿಸುವುದು ಮೋಸ ಮಾಡಲೆಂದಲ್ಲ, ಅವರಿಗೂ ಗೊತ್ತಿರುವುದಿಲ್ಲ.

ಸ್ನೂಪಿಯದೂ ಇದೇ ಕತೆ. ಸ್ನೂಪಿ ನಾಯಿ ಬರುವ, ಚಾರ್ಲ್ಸ್ ಶುಲ್ಜ್ ಅವರ 'ಪೀನಟ್ಸ್' ಚಿತ್ರಪಟ್ಟಿ 1950ರ ಅಕ್ಟೋಬರ್ 2ರಂದು ಶುರುವಾಯಿತು. ಸ್ನೂಪಿ ವಸ್ತುಗಳ ಮೇಲೆ 1958, 1965, 1966 ಎಂಬ ಇಸವಿಗಳು ಮತ್ತೆ ಮತ್ತೆ ಬರುತ್ತವೆ. 70ರ, 80ರ ದಶಕದ ಸರಕಿನ ಮೇಲೂ ಅವೇ ಇಸವಿಗಳು. ಹಾಗಾಗಿ ಇಸವಿಗಿಂತ ಹಕ್ಕಿನ ಒಡೆಯರ ಹೆಸರು ಓದುವುದು ಮೇಲು. 'ಯುನೈಟೆಡ್ ಫೀಚರ್ ಸಿಂಡಿಕೇಟ್' ಎಂದಿದ್ದರೆ 2010ಕ್ಕೆ ಹಿಂದಿನದು. 'ಪೀನಟ್ಸ್ ವರ್ಲ್ಡ್‌ವೈಡ್' ಎಂದಿದ್ದರೆ 2010ರಲ್ಲಿ ಹಕ್ಕು ಕೈಬದಲಾದ ಮೇಲಿನದು. ಬಣ್ಣ ಎಷ್ಟೇ ಮಾಸಿದ್ದರೂ ಎರಡನೆಯದು ಹೊಸ ಮಾಲೇ.

ಡಿಸ್ನಿ ವಸ್ತುವಾದರೆ ಹೆಸರೇ ಪಂಚಾಂಗ. 'ವಾಲ್ಟ್ ಡಿಸ್ನಿ ಎಂಟರ್‌ಪ್ರೈಸಸ್' ಎಂದಿದ್ದರೆ 1930ರ ದಶಕದ್ದು, ಕೈಯಲ್ಲಿದ್ದದ್ದನ್ನು ಕೆಳಗಿಡಬೇಡಿ. 'ವಾಲ್ಟ್ ಡಿಸ್ನಿ ಪ್ರೊಡಕ್ಷನ್ಸ್', ಅಥವಾ ಚುಟುಕಾಗಿ ಡಬ್ಲ್ಯು.ಡಿ.ಪಿ. ಎಂದಿದ್ದರೆ ಸುಮಾರು 1940ರಿಂದ 1986ರ ನಡುವಿನದು. 1986ರಲ್ಲಿ ಕಂಪನಿ ತನ್ನ ಹೆಸರನ್ನು 'ದಿ ವಾಲ್ಟ್ ಡಿಸ್ನಿ ಕಂಪನಿ' ಎಂದು ಬದಲಿಸಿಕೊಂಡಿತು. ಬರೀ 'ಡಿಸ್ನಿ' ಎಂದಷ್ಟೇ ಇದ್ದರೆ ಸಾಮಾನ್ಯವಾಗಿ ಅದರಿಂದೀಚಿನದು. ಒಂದು ಎಚ್ಚರಿಕೆ: 1990ರ ದಶಕದಿಂದ 'ಡಿಸ್ನಿ ಎಂಟರ್‌ಪ್ರೈಸಸ್ ಇಂಕ್' ಎಂಬ ಗುರುತು ಬರುತ್ತದೆ. ಮೊದಲಲ್ಲಿ 'ವಾಲ್ಟ್' ಇಲ್ಲ, ಕೊನೆಯಲ್ಲಿ 'ಇಂಕ್' ಇದೆ. ಆ ಒಂದು ಪದ ಗಮನಿಸದೆ ಅರವತ್ತು ವರ್ಷ ತಪ್ಪು ಲೆಕ್ಕ ಹಾಕಿದವರು ಬಹಳ.

ಪೆಟ್ಟಿಗೆ ಇದ್ದರೆ ಕೆಲಸ ಇನ್ನೂ ಸುಲಭ. ವಿಳಾಸ ಓದಿ. ಊರಿನ ಹೆಸರಿನ ಮುಂದೆ ಒಂದೋ ಎರಡೋ ಅಂಕಿಯಿದ್ದರೆ ಅದು 1943ರಿಂದ 1963ರವರೆಗಿದ್ದ ಅಂಚೆ ವಲಯದ ಸಂಖ್ಯೆ. ನಮ್ಮ ಪಿನ್ ಕೋಡ್‌ನಂಥ ಐದಂಕಿಯ ಜಿಪ್ ಕೋಡ್ ಬಂದದ್ದು 1963ರ ಜುಲೈಯಲ್ಲಿ. ಬಾರ್‌ಕೋಡ್‌ನ ಗೆರೆಗಳಿದ್ದರೆ 1974ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ, ಆಟಿಕೆಗಳ ಮೇಲೆ ಅದು ಮಾಮೂಲಾದದ್ದು 80ರ ದಶಕದಲ್ಲಿ. ವೆಬ್‌ಸೈಟ್ ವಿಳಾಸವಿದ್ದರೆ ಹೇಳುವುದೇ ಬೇಡ. ತಯಾರಾದ ದೇಶವೂ ಸುಳಿವು ಕೊಡುತ್ತದೆ. 'ಆಕ್ಯುಪೈಡ್ ಜಪಾನ್' ಎಂದಿದ್ದರೆ 1945ರಿಂದ 1952ರ ಒಳಗಿನದು. 'ವೆಸ್ಟ್ ಜರ್ಮನಿ' ಎಂದಿದ್ದರೆ 1990ಕ್ಕೆ ಹಿಂದಿನದು. ಬರೀ ಜಪಾನ್ ಎಂದಿರುವ ತಗಡಿನ, ಪಿಂಗಾಣಿಯ ಗೊಂಬೆಗಳು ಹೆಚ್ಚಾಗಿ 50-60ರ ದಶಕದವು. ಹಾಂಗ್‌ಕಾಂಗ್, ತೈವಾನ್, ಕೊರಿಯಾ ಆಮೇಲಿನವು. ಚೀನಾ ಎಂದಿದ್ದರೆ 80ರ ದಶಕದಿಂದೀಚೆಗೆ ಎಂದುಕೊಳ್ಳಿ. ಇವು ಒಂದೊಂದೂ ಸಾಕ್ಷಿಯಷ್ಟೇ. ಎರಡು ಮೂರು ಸಾಕ್ಷಿ ಒಂದೇ ಮಾತು ಹೇಳಿದರೆ ನಂಬಬಹುದು.

ಮಕ್ಕಳ ಪೆಪ್ಪರ್‌ಮಿಂಟ್ ಹೊರಬರುವ ಪೆಜ್ ಕಡ್ಡಿಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬೆರಳುದ್ದದ ಪ್ಲಾಸ್ಟಿಕ್ ಕೊಳವೆ, ಮೇಲೊಂದು ಕಾರ್ಟೂನ್ ತಲೆ, ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಒಂದು ಮಿಠಾಯಿ ಚೂರು ಮುಂದೆ ಬರುತ್ತದೆ. ಇದಕ್ಕಿಂತ ಸುಲಭವಾಗಿ ವಯಸ್ಸು ಹೇಳುವ ವಸ್ತು ಇನ್ನೊಂದಿಲ್ಲ. ಪೆಜ್ ಕಂಪನಿ ಕಡ್ಡಿಯ ಬುಡಕ್ಕೆ ಎರಡು ಅಗಲವಾದ ಪಾದ ಕೊಟ್ಟದ್ದು 1987ರಲ್ಲಿ. ಪಾದವಿಲ್ಲದಿದ್ದರೆ ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದು. ಆದರೆ ಪಾದ ಕತ್ತರಿಸಿ ಹಳೆಯದು ಎಂದು ಮಾರುವವರಿದ್ದಾರೆ. ಬುಡವನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಉಗುರು ಎಳೆಯಿರಿ. ಅಚ್ಚಿನಿಂದ ಬಂದ ಅಂಚು ದುಂಡಗೆ, ನುಣುಪಾಗಿರುತ್ತದೆ. ಕೊಯ್ದದ್ದು ಚೂಪಾಗಿ, ಮಂಕಾಗಿ, ಉಜ್ಜಿದ ಗೆರೆಗಳಿಂದ ತುಂಬಿರುತ್ತದೆ. ಆಮೇಲೆ ಪಕ್ಕದ ಪೇಟೆಂಟ್ ಸಂಖ್ಯೆ ಓದಿ. 2,620,061 ಎಂದಿದ್ದರೆ ಅದು 1952ರ ಪೇಟೆಂಟ್, ಹಳೆಯ ಕಡ್ಡಿಗಳದ್ದು. 3,942,683 ಎಂದಿದ್ದರೆ 1976ಕ್ಕಿಂತ ಹಿಂದಿನದಲ್ಲ. 4,966,305 ಎಂದಿದ್ದರೆ 1990ಕ್ಕಿಂತ ಹಿಂದಿನದಲ್ಲ, ಪಾದವಿರಲಿ ಇಲ್ಲದಿರಲಿ. ತಲೆಯೊಂದು ಕಾಲದ್ದು, ಕಡ್ಡಿಯೊಂದು ಕಾಲದ್ದು ಸೇರಿಸಿದವೂ ಸಿಗುತ್ತವೆ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು, ತಲೆ ಹೊಚ್ಚಹೊಸದರಂತೆ ಹೊಳೆಯುತ್ತಿದ್ದರೆ ಅನುಮಾನಿಸಿ.

ಬೆರಳೆತ್ತರದ ನೀಲಿ ಸ್ಮರ್ಫ್ ಗೊಂಬೆಗಳು ಬುಟ್ಟಿಗಟ್ಟಲೆ ಬರುತ್ತವೆ. ಬೆಲ್ಜಿಯಂನ ಚಿತ್ರಕಾರ ಪೆಯೊ 1958ರಲ್ಲಿ ಸೃಷ್ಟಿಸಿದ ಪಾತ್ರಗಳಿವು. ಜರ್ಮನಿಯ ಷ್ಲೈಶ್ ಕಂಪನಿ 1965ರಿಂದ ಗೊಂಬೆ ಮಾಡಿತು. ಇವುಗಳ ಅಡಿಯಲ್ಲೋ ಬೆನ್ನಲ್ಲೋ ಸಣ್ಣದೊಂದು ಬಣ್ಣದ ಚುಕ್ಕೆ ಕಾಣುತ್ತದೆ. ಕೊಳೆ ಎಂದು ಉಜ್ಜಿ ತೆಗೆಯುವವರೇ ಹೆಚ್ಚು. ದಯವಿಟ್ಟು ತೆಗೆಯಬೇಡಿ. ಗೊಂಬೆಗೆ ಬಣ್ಣ ಬಳಿದದ್ದು ಎಲ್ಲಿ ಎಂದು ಹೇಳುವ ಗುರುತು ಅದು, ಸಂಗ್ರಾಹಕರು ಮೊದಲು ನೋಡುವುದೇ ಅದನ್ನು.

ಗಾಜಿನ ಲೋಟಗಳು ಅಗ್ಗದ ದರದಲ್ಲಿ ಒಳ್ಳೆಯ ಹಳೇ ವಸ್ತು ಸಿಗುವ ಜಾಗ. 60ರ ದಶಕದ ಆರಂಭದಲ್ಲಿ ವೆಲ್ಚ್ಸ್ ಕಂಪನಿ ದ್ರಾಕ್ಷಿ ಜೆಲ್ಲಿಯನ್ನು ಫ್ಲಿಂಟ್‌ಸ್ಟೋನ್ಸ್ ಎಂಬ ಟಿವಿ ಕಾರ್ಟೂನಿನ ಚಿತ್ರವಿರುವ ಪುಟ್ಟ ಲೋಟಗಳಲ್ಲಿ ತುಂಬಿ ಮಾರುತ್ತಿತ್ತು. ಜೆಲ್ಲಿ ಮುಗಿದ ಮೇಲೆ ಲೋಟ ಮಕ್ಕಳಿಗೆ. ಇವುಗಳನ್ನು ಮಗುಚಿದರೆ ತಳದ ಗಾಜಿನಲ್ಲಿ ಒಂದು ಪಾತ್ರದ ಮುಖ ಉಬ್ಬಚ್ಚಾಗಿ ಕಾಣುತ್ತದೆ. 1973ರ ಪೆಪ್ಸಿ ಸರಣಿಯ ಎತ್ತರದ ಲೋಟಗಳಲ್ಲಿ ಬಗ್ಸ್ ಬನ್ನಿ, ಡ್ಯಾಫಿ ಡಕ್ ಮುಂತಾದ ವಾರ್ನರ್ ಬ್ರದರ್ಸ್ ಪಾತ್ರಗಳಿವೆ. ಕೊಳ್ಳುವ ಮುಂಚೆ ಮೂರು ಪರೀಕ್ಷೆ ಮಾಡಿ. ಕಣ್ಣು ಮುಚ್ಚಿ ಬೆರಳ ತುದಿಯನ್ನು ಬಾಯಂಚಿನ ಸುತ್ತ ಒಮ್ಮೆ ಆಡಿಸಿ: ಕಣ್ಣಿಗೆ ಕಾಣದ ಮುಕ್ಕು ಬೆರಳಿಗೆ ಸಿಗುತ್ತದೆ. ಲೋಟವನ್ನು ಓರೆಯಾಗಿ ಬಿಸಿಲಿಗೆ ಹಿಡಿಯಿರಿ: ಬಣ್ಣ ಹೊಳೆಯದೆ ಸೀಮೆಸುಣ್ಣ ಬಳಿದಂತಿದ್ದರೆ ಅದು ಪಾತ್ರೆ ತೊಳೆಯುವ ಯಂತ್ರಕ್ಕೆ ಹೋಗಿ ಬಂದಿದೆ. ಯಂತ್ರದ ಬಿಸಿ ಮತ್ತು ಕ್ಷಾರದ ಪುಡಿ ಬಣ್ಣದ ಮೇಲ್ಪದರವನ್ನು ತಿಂದುಹಾಕಿರುತ್ತದೆ, ಅದನ್ನು ಸರಿಪಡಿಸುವ ಉಪಾಯವಿಲ್ಲ. ಕೊನೆಗೆ ಲೋಟದ ಒಳಗಿನಿಂದ ಬಣ್ಣದ ಹಿಂಬದಿ ನೋಡಿ: ಮುಂದೆ ಮಾಸಿ ಒಳಗಿನಿಂದ ಗಾಢವಾಗಿ ಕಂಡರೆ ಸವೆತ ಎಷ್ಟಾಗಿದೆ ಎಂದು ಲೆಕ್ಕ ಸಿಗುತ್ತದೆ.

ಈ ಲೋಟಗಳಲ್ಲಿ ಮೊಮ್ಮಕ್ಕಳಿಗೆ ಹಾಲು ಕೊಡಬೇಡಿ. ಹಳೆಯ ಚಿತ್ರಲೋಟಗಳ ಬಣ್ಣದಲ್ಲಿ ಸೀಸ, ಕ್ಯಾಡ್ಮಿಯಂ ಇರುವುದು ಸಾಮಾನ್ಯ. ಅಮೆರಿಕದಲ್ಲಿ ಆಟಿಕೆಗಳಿಗೂ ಮನೆಗೂ ಬಳಿಯುವ ಸೀಸದ ಬಣ್ಣ ನಿಷೇಧವಾದದ್ದೇ 1978ರಲ್ಲಿ. ಇತ್ತೀಚಿನವು ಎಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ: 2010ರ ಜೂನ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಮಾರಿದ ಶ್ರೆಕ್ ಚಿತ್ರದ ಸುಮಾರು 1 ಕೋಟಿ 20 ಲಕ್ಷ ಲೋಟಗಳನ್ನು ಬಣ್ಣದಲ್ಲಿ ಕ್ಯಾಡ್ಮಿಯಂ ಇದೆ ಎಂದು ವಾಪಸ್ ಕರೆಯಲಾಯಿತು. ಅವು ಇಂದಿಗೂ ಗರಾಜ್ ಸೇಲ್ ಮೇಜಿನ ಮೇಲೆ ಬಂದು ಕೂರುತ್ತವೆ. ಕಪಾಟಿನಲ್ಲಿಟ್ಟು ನೋಡಲು ಅಡ್ಡಿಯಿಲ್ಲ, ಬಾಯಿಗೆ ಬೇಡ. ಹಳೆಯ ಬಣ್ಣದ ಆಟಿಕೆಗಳನ್ನೂ ಅಂಬೆಗಾಲಿಡುವ ಮಕ್ಕಳ ಕೈಗೆ ಕೊಡಬಾರದು. ಲೋಟವನ್ನು ತೊಳೆಯುವುದಾದರೆ ಕೈಯಲ್ಲೇ, ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಸೋಪು, ಮೆತ್ತನೆಯ ಬಟ್ಟೆ. ಸ್ಕ್ರಬ್ಬರ್ ಮುಟ್ಟಿಸಬೇಡಿ.

ಶಾಲಾ ಮಕ್ಕಳ ತಗಡಿನ ಊಟದ ಡಬ್ಬಿಗಳು ಇನ್ನೊಂದು ದೊಡ್ಡ ವರ್ಗ. 1950ರಲ್ಲಿ ಅಲ್ಲಾದಿನ್ ಕಂಪನಿ ಟಿವಿಯ ಕೌಬಾಯ್ ಪಾತ್ರದ ಚಿತ್ರವಿದ್ದ ಡಬ್ಬಿ ತಂದು ಗೆದ್ದ ಮೇಲೆ ಎಲ್ಲ ಕಾರ್ಟೂನ್‌ಗಳೂ ಡಬ್ಬಿಯ ಮೇಲೆ ಬಂದವು. 80ರ ದಶಕದ ಮಧ್ಯದಲ್ಲಿ ತಗಡು ಹೋಗಿ ಪ್ಲಾಸ್ಟಿಕ್ ಬಂತು. ಡಬ್ಬಿಯ ಆರೂ ಮುಖ ನೋಡಬೇಕು, ಮುಂದಿನ ಚಿತ್ರ ಚೆನ್ನಾಗಿದ್ದು ಅಡಿ ತುಕ್ಕು ತಿಂದಿರುವುದು ಮಾಮೂಲಿ. ಕೊಂಡಿ ಬಿಗಿಯಾಗಿದೆಯೇ, ಹಿಡಿಕೆ ಮೂಲದ್ದೇ, ಒಳಗೆ ಥರ್ಮಾಸ್ ಇದೆಯೇ ನೋಡಿ. ಥರ್ಮಾಸನ್ನು ಕಿವಿಯ ಹತ್ತಿರ ಮೆಲ್ಲಗೆ ಅಲುಗಿಸಿ. ಗಾಜಿನ ಚೂರುಗಳ ಸದ್ದು ಬಂದರೆ ಒಳಪದರ ಒಡೆದಿದೆ, ಮುಚ್ಚಳ ತೆರೆದು ಬೆರಳು ಹಾಕಬೇಡಿ. ಒಳಮುಚ್ಚಳದ ಮೇಲೆ ಮಗುವಿನ ಹೆಸರು ಬರೆದಿದ್ದರೆ ಉಜ್ಜಬೇಡಿ, ಇಂಕಿಗಿಂತ ಮೊದಲು ಬಣ್ಣ ಹೋಗುತ್ತದೆ.

ಕೀಲಿ ಕೊಟ್ಟರೆ ನಡೆಯುವ ತಗಡಿನ ಪಾಪಾಯ್, ಡೊನಾಲ್ಡ್ ಡಕ್ ಸಿಕ್ಕರೆ ಅಲ್ಲೇ ಪೂರ್ತಿ ಕೀಲಿ ತಿರುಗಿಸಲು ಹೋಗಬೇಡಿ. ಅರ್ಧ ಸುತ್ತು ಸಾಕು. ಸ್ಪ್ರಿಂಗ್ ಹಿಡಿದುಕೊಂಡರೆ ಬೆರಳಿಗೆ ಬಿಗಿ ತಿಳಿಯುತ್ತದೆ, ಜಾರಿದರೆ ಕರಕರ ಸದ್ದು. ತಗಡಿನ ಎರಡು ಹೋಳುಗಳನ್ನು ಸೇರಿಸುವ ಸಣ್ಣ ನಾಲಿಗೆಗಳ ಬುಡದಲ್ಲಿ ಬಣ್ಣ ಬಿರಿದಿದ್ದರೆ ಅದನ್ನು ಯಾರೋ ಬಿಚ್ಚಿದ್ದಾರೆ ಎಂದರ್ಥ. ಎರಕದ ಕಬ್ಬಿಣದ ಮಿಕ್ಕಿ ಹುಂಡಿಗಳಂತೂ ಬಹುಪಾಲು ಹೊಸದಾಗಿ ಎರೆದವೇ. ಜೋಡಿಸಿದ ಸ್ಕ್ರೂ ತಲೆಯಲ್ಲಿ ಕೂಡುವ ಚಿಹ್ನೆಯಂಥ (+) ಅಡ್ಡಗೆರೆಯಿದ್ದರೆ 'ನೂರು ವರ್ಷದ ಹುಂಡಿ' ಎಂಬ ಮಾತು ಬಿದ್ದುಹೋಯಿತು, ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಮೈ ಮರಳು ಕಾಗದದಂತೆ ಒರಟಾಗಿ, ತುಕ್ಕು ಕಿತ್ತಳೆ ಬಣ್ಣದಲ್ಲಿದ್ದರೂ ಹೊಸದೇ. ಹಳೆಯ ತುಕ್ಕು ಕಪ್ಪುಗಂದು, ಗಟ್ಟಿ.

ಹಗುರವಾದ, ತೆಳು ಚಿಪ್ಪಿನಂಥ ಗೊಂಬೆ ಸಿಕ್ಕರೆ ಹೆಬ್ಬೆರಳಿಂದ ಬಿಸಿಯಾಗುವಷ್ಟು ತಿಕ್ಕಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ದೇವರ ಮನೆಯ ಕರ್ಪೂರದಂತೆಯೇ ಭಗ್ಗನೆ ಹತ್ತಿಕೊಳ್ಳುವ ವಸ್ತು ಅದು. ಕಾದ ಸೂಜಿ ಚುಚ್ಚಿ ನೋಡಿ ಎಂದು ಕೆಲವರು ಹೇಳುವ ಪರೀಕ್ಷೆ ಅಪಾಯಕಾರಿ, ಖಂಡಿತ ಮಾಡಬೇಡಿ.

ಮನೆಗೆ ತಂದ ಮೇಲೆ ಹಾಳಾಗುವುದೇ ಹೆಚ್ಚು, ಅದರಲ್ಲೂ ಅವಸರದ ಶುಚಿಯಿಂದ. ಸೆಕೆಂಡ್‌ಹ್ಯಾಂಡ್ ಅಂಗಡಿಗಳು ಅಂಟಿಸುವ ಬೆಲೆ ಚೀಟಿಯನ್ನು ರಟ್ಟಿನ ಪೆಟ್ಟಿಗೆಯಿಂದ ಉಗುರಲ್ಲಿ ಕಿತ್ತರೆ ಚಿತ್ರವೂ ಜತೆಗೆ ಬರುತ್ತದೆ. ಹೇರ್ ಡ್ರೈಯರ್ ಬಿಸಿಗಾಳಿಯನ್ನು ಒಂದು ಗೇಣು ದೂರದಿಂದ ಅರ್ಧ ನಿಮಿಷ ಹಿಡಿದು, ಚೀಟಿಯ ಮೂಲೆ ಎತ್ತಿ, ಪೆಟ್ಟಿಗೆಗೆ ಒರಗಿದಂತೆ ಮಡಚಿ ನಿಧಾನವಾಗಿ ಎಳೆಯಿರಿ. ಎಣ್ಣೆಯಂಶದ ಅಂಟು ನಿವಾರಕಗಳು ರಟ್ಟಿನೊಳಗೆ ಇಳಿದು ಶಾಶ್ವತ ಕಲೆ ಬಿಡುತ್ತವೆ, ಅವೇನಿದ್ದರೂ ಗಾಜಿಗೆ. ಉಗುರು ಬಣ್ಣ ಅಳಿಸುವ ದ್ರವದಲ್ಲಿರುವ ಅಸಿಟೋನ್ ಗಟ್ಟಿ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಮೆತ್ತನೆಯ ವಿನೈಲ್ ಗೊಂಬೆ ಜಿಗುಟಾಗಿದ್ದರೆ ಅದು ಕೊಳೆಯಲ್ಲ: ಪ್ಲಾಸ್ಟಿಕ್ಕನ್ನು ಮೆದುವಾಗಿಡಲು ಸೇರಿಸಿದ ಎಣ್ಣೆಯಂಥ ವಸ್ತು ವರ್ಷಗಳಲ್ಲಿ ಹೊರಗೆ ಬೆವರುತ್ತದೆ. ಸೋಪು ನೀರಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಗಾಳಿಯಾಡುವ ಕಡೆ ಇಡಿ. ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟರೆ ಇನ್ನಷ್ಟು ಜಿಗುಟಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಆಟಿಕೆಗೆ ತಾಗಿಸಿ ಇಟ್ಟರೆ ಆರೇ ತಿಂಗಳಲ್ಲಿ ಎರಡೂ ಅಂಟಿಕೊಂಡು, ಗಟ್ಟಿಯದರ ಮೇಲೆ ಕರಗಿದ ಗುಳಿ ಬೀಳಬಹುದು.

ಬ್ಯಾಟರಿ ಗೂಡು ತೆರೆದು ನೋಡದೆ ಯಾವ ಆಟಿಕೆಯನ್ನೂ ಕೊಳ್ಳಬೇಡಿ. ಕ್ಷಾರದ ಬ್ಯಾಟರಿ ಸೋರಿದ್ದರೆ ಬಿಳಿ ಹರಳು ಕಟ್ಟಿರುತ್ತದೆ. ಕೈಗವಸು ಹಾಕಿ, ಬಿಳಿ ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮುಟ್ಟಿದರೆ ನೊರೆ ಬಂದು ಕರಗುತ್ತದೆ. ಬಹಳ ಹಳೆಯ ಸತುವಿನ ಬ್ಯಾಟರಿ ಸೋರಿದ್ದರೆ ಅದು ಆಮ್ಲೀಯ, ಅದಕ್ಕೆ ಅಡಿಗೆ ಸೋಡಾ ಕಲಸಿದ ನೀರು. ಆಮೇಲೆ ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಹಸಿರು ಪುಡಿ ತಂತಿಯೊಳಗೆ ಹತ್ತಿದ್ದರೆ ಮಾತ್ರ ಬಿಟ್ಟುಬಿಡಿ.

ಬಟ್ಟೆಯ, ತುಪ್ಪಳದ ಗೊಂಬೆಗಳಿಗೆ ತಿಗಣೆಯ ಭಯ. ಹೊಲಿಗೆಯ ಗೆರೆಗಳನ್ನು ಬಿಡಿಸಿ ಟಾರ್ಚ್ ಹಾಕಿ, ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಮುಟ್ಟಬೇಡಿ. ಚೆನ್ನಾಗಿದ್ದರೂ ಮನೆಯೊಳಗೆ ತರುವ ಮುಂಚೆ ಬಟ್ಟೆ ಒಣಗಿಸುವ ಯಂತ್ರದಲ್ಲಿ ಹೆಚ್ಚಿನ ಬಿಸಿಯಲ್ಲಿ 30 ನಿಮಿಷ ಹಾಕಿ. ಮುಖ ಪ್ಲಾಸ್ಟಿಕ್‌ನದಾಗಿದ್ದರೆ ಬಿಸಿಗೆ ಸೊಟ್ಟಗಾಗುತ್ತದೆ. ಅಂಥದ್ದನ್ನು ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ.

ಎಲ್ಲಿ, ಯಾವಾಗ ಹೋಗಬೇಕು? ಗರಾಜ್ ಸೇಲ್ ಶನಿವಾರ ಬೆಳಗ್ಗೆ ಏಳೆಂಟು ಗಂಟೆಗೆ ಶುರು, ಒಳ್ಳೆಯದು ಮೊದಲ ಗಂಟೆಯಲ್ಲೇ ಹೋಗುತ್ತದೆ. ಆದರೆ ಬೋರ್ಡಿನಲ್ಲಿ ಬರೆದ ಹೊತ್ತಿಗಿಂತ ಮುಂಚೆ ಬಾಗಿಲು ಬಡಿಯುವುದು ಅಲ್ಲಿ ಮರ್ಯಾದೆಯಲ್ಲ. ಒಂದು, ಐದು ಡಾಲರಿನ ಚಿಲ್ಲರೆ ನೋಟು ಇಟ್ಟುಕೊಳ್ಳಿ. ಐದು ಡಾಲರಿನ ಮಾಲಿಗೆ ಚೌಕಾಸಿ ಮಾಡಿ, ಕೊನೆಗೆ ನೂರರ ನೋಟು ನೀಡಿದರೆ ವ್ಯಾಪಾರ ಮುರಿಯುತ್ತದೆ. ಇಷ್ಟವಾದದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿ, ಕೆಳಗಿಟ್ಟರೆ ಪಕ್ಕದವರದು. ಒಂದೊಂದಕ್ಕೂ ಎಳೆದಾಡುವ ಬದಲು ನಾಲ್ಕೈದು ಸೇರಿಸಿ ಒಟ್ಟು ದರ ಕೇಳಿ. ಹೊರಡುವಾಗ 'ಒಳಗೆ ಇನ್ನೂ ಹಳೇ ಆಟದ ಸಾಮಾನು ಇದೆಯೇ' ಎಂದು ವಿನಯದಿಂದ ಕೇಳಿ. ಎಷ್ಟೋ ಸಲ ಒಳ್ಳೆಯ ಪೆಟ್ಟಿಗೆ ಮೇಜಿನ ತನಕ ಬಂದೇ ಇರುವುದಿಲ್ಲ. ಜೇಬಲ್ಲಿ ಸಣ್ಣ ಟಾರ್ಚ್, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಎರಡು ಅಳತೆಯ ಬ್ಯಾಟರಿ, ಪುಟ್ಟ ಸ್ಕ್ರೂಡ್ರೈವರ್ ಇರಲಿ.

ಮನೆಯ ಹಿರಿಯರು ತೀರಿಕೊಂಡ ಮೇಲೆ ಇಡೀ ಮನೆಯನ್ನೇ ತೆರೆದು ಮಾರುವ ಎಸ್ಟೇಟ್ ಸೇಲ್ ಬೇರೆ. ಮೊದಲ ದಿನ ಪೂರ್ತಿ ದರ, ಕೊನೆಯ ದಿನ ಸಾಮಾನ್ಯವಾಗಿ ಅರ್ಧ. ಅಲ್ಲಿ ಎಲ್ಲರೂ ಹಾಲ್‌ಗೆ ನುಗ್ಗುತ್ತಾರೆ. ನೀವು ಅಡುಗೆಮನೆಯ ಮೇಲಿನ ಕಪಾಟು, ಹೊಲಿಗೆ ಕೋಣೆ, ಗರಾಜಿನಲ್ಲಿ ಮೊಳೆ ತುಂಬಿಟ್ಟ ಲೋಟ ನೋಡಿ. ಗುಡ್‌ವಿಲ್, ಸಾಲ್ವೇಶನ್ ಆರ್ಮಿ ಮುಂತಾದ ದಾನದ ಅಂಗಡಿಗಳಲ್ಲಿ ವಾರದ ನಡುವೆ ಬೆಳಗ್ಗೆ ಹೋಗುವುದು ಲೇಸು. ಅನೇಕ ಕಡೆ ವಾರಕ್ಕೊಂದು ಬಣ್ಣದ ಚೀಟಿಗೆ ಅರ್ಧ ಬೆಲೆ. ಸಣ್ಣ ಗೊಂಬೆಗಳನ್ನು ಪಾರದರ್ಶಕ ಚೀಲದಲ್ಲಿ ಕಟ್ಟಿ ಗೋಡೆಗೆ ತೂಗುಹಾಕಿರುತ್ತಾರೆ, ಚೀಲವನ್ನು ಹಿಂದಿನಿಂದಲೂ ನೋಡಿ. ಗುಡ್‌ವಿಲ್‌ನವರು ಬೆಲೆಬಾಳುವುದನ್ನು ತಮ್ಮದೇ ಹರಾಜು ತಾಣಕ್ಕೆ ಕಳಿಸುತ್ತಾರೆ. ಹಾಗಾಗಿ ಅಂಗಡಿಯಲ್ಲಿ ಉಳಿಯುವುದು ಅವರ ಕಣ್ಣು ತಪ್ಪಿದ್ದು: ಗುರುತು ಚಿಕ್ಕದಾಗಿರುವುದು, ಧೂಳು ಹಿಡಿದದ್ದು, ಪಾತ್ರದ ಹೆಸರು ಬರೆಯದೇ ಇರುವುದು. ಸಮಯವಿದ್ದವರಿಗೆ ಆಗಸ್ಟ್‌ನ ಮೊದಲ ಗುರುವಾರದಿಂದ ಭಾನುವಾರದವರೆಗೆ ಮಿಶಿಗನ್‌ನ ಅಡಿಸನ್‌ನಿಂದ ಅಲಬಾಮಾದ ಗ್ಯಾಡ್ಸ್‌ಡೆನ್ ತನಕ ಸುಮಾರು 690 ಮೈಲಿ ರಸ್ತೆಬದಿಯ ಮಾರಾಟ ನಡೆಯುತ್ತದೆ.

ಕನ್ನಡಿಗರಿಗೆ ಒಂದು ವಿಶೇಷ ಸೂಚನೆ. 1964ರಲ್ಲಿ ಶುರುವಾಗಿ ಮುಂದೆ ಕನ್ನಡದಲ್ಲೂ ಬಂದ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಫ್ಯಾಂಟಮ್, ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಮನೆಯವರಿದ್ದಂತೆ. ಫ್ಯಾಂಟಮ್‌ಗೆ ಅವನ ಹುಟ್ಟೂರಾದ ಅಮೆರಿಕದಲ್ಲಿ ಸೂಪರ್‌ಮ್ಯಾನ್‌ನಷ್ಟು ಹೆಸರಿಲ್ಲ, ಮಾರುವವರಿಗೆ ಅವನ ಗುರುತೇ ಸಿಗದಿರುವುದುಂಟು. ಅಡಿಯಲ್ಲಿ 'ಕಿಂಗ್ ಫೀಚರ್ಸ್ ಸಿಂಡಿಕೇಟ್' ಎಂದಿದೆಯೇ ನೋಡಿ, ಈ ಮೂವರೂ, ಜತೆಗೆ ಪಾಪಾಯ್ ಕೂಡ, ಅದೇ ಸಂಸ್ಥೆಯವರು. 1966ರಲ್ಲಿ ಐಡಿಯಲ್ ಕಂಪನಿ ತಂದ 12 ಇಂಚಿನ 'ಕ್ಯಾಪ್ಟನ್ ಆ್ಯಕ್ಷನ್' ಗೊಂಬೆಗೆ ತೊಡಿಸುವ ಫ್ಯಾಂಟಮ್ ವೇಷವಿತ್ತು. ನೇರಳೆ ಉಡುಪು, ವಿನೈಲ್ ಮುಖವಾಡ, ಸೊಂಟಪಟ್ಟಿ, ಪಿಸ್ತೂಲು, ಹೀಗೆ ಚದುರಿಹೋಗುವ ಬಿಡಿಭಾಗಗಳೇ ಎಲ್ಲ. ಇತರ ಗೊಂಬೆಗಳ ಬಟ್ಟೆಯ ಡಬ್ಬಿಯಲ್ಲಿ ನೇರಳೆ ತುಂಡು ಕಂಡರೆ ಕೆದಕಿ ನೋಡಿ. ಮುಖವಾಡವನ್ನು ಮಾತ್ರ ಹಿಗ್ಗಿಸಬೇಡಿ, ಕಣ್ಣಿನ ತೂತಿನ ಮೂಲೆಯಿಂದ ಸೀಳುತ್ತದೆ.

ಊರಿಗೆ ಒಯ್ಯುವಾಗ ಲೋಟದೊಳಗೆ ಕಾಲುಚೀಲ ತುರುಕಿ, ಹೊರಗೆ ಎರಡು ಸುತ್ತು ಗುಳ್ಳೆ ಪ್ಲಾಸ್ಟಿಕ್ ಸುತ್ತಿ, ಸೂಟ್‌ಕೇಸಿನ ನಡುಭಾಗದಲ್ಲಿ ಬಟ್ಟೆಗಳ ಮಧ್ಯೆ ನಿಲ್ಲಿಸಿ. ಒಂದರೊಳಗೊಂದು ಲೋಟ ಸೇರಿಸಬೇಡಿ. ಆಟಿಕೆಗಳ ಬ್ಯಾಟರಿ ತೆಗೆದಿಡಿ. ಸೆಲ್ಯುಲಾಯ್ಡ್ ಗೊಂಬೆಯನ್ನು ವಿಮಾನದಲ್ಲಿ ಒಯ್ಯಲೇಬೇಡಿ.

ಸಂಪಾದಕರೇ, ತಮ್ಮಲ್ಲಿ ಒಂದು ವಿನಂತಿ. ಹಳೇ ವಸ್ತುವೊಂದಕ್ಕೆ ಇಷ್ಟು ಬೆಲೆ ಎಂಬ ಸುದ್ದಿ ಬಂದಾಗ ಅದು ಕೇಳಿದ ಬೆಲೆಯೋ ಮಾರಾಟವಾದ ಬೆಲೆಯೋ ಎಂದು ಒಂದು ಪದ ಸೇರಿಸಿ ಪ್ರಕಟಿಸಿ. ಚಿತ್ರ ಹಾಕುವಾಗ ಮುಖದ ಜತೆ ಅಡಿಯ ಗುರುತಿನ ಚಿತ್ರವನ್ನೂ ಹಾಕಿ. ಜೂನ್‌ನಲ್ಲಿ ವಿಮಾನ ಹತ್ತುವ ಓದುಗರಿಗೆ ಅದು ಕೂಡಲೇ ಉಪಯೋಗಕ್ಕೆ ಬರುತ್ತದೆ.

ಇತಿ ತಮ್ಮ ವಿಶ್ವಾಸಿಗಳು,
ಹಳೇ ಆಟಿಕೆಗಳ ಕನ್ನಡಿಗ ಸಂಗ್ರಾಹಕರು
ಫ್ರೀಮಾಂಟ್, ಕ್ಯಾಲಿಫೋರ್ನಿಯಾ